ಆಂಟಿಬಾಡಿ ಜಾಸ್ತಿ ಇದೆ ಅಂತಾರೆ, ಸೋಂಕು ಮಾತ್ರ ಬಿಡ್ತಿಲ್ಲ. ಇದು ಹೇಗೆ?

ತೀರ್ಥಹಳ್ಳಿ_ತಮ್ಮ · ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ಇಲ್ಲಿ ಓದುತ್ತಾ ಇದ್ದೇನೆ, ಬರೆಯೋದು ಇದೇ ಮೊದಲು.

ಅಪ್ಪನಿಗೆ 66 ವರ್ಷ. ಇಪ್ಪತ್ತು ವರ್ಷದ ಹಿಂದೆ ಟಿಬಿ ಆಗಿತ್ತು. ಮಾತ್ರೆ ಪೂರ್ತಿ ನುಂಗಿ ವಾಸಿ ಮಾಡಿಕೊಂಡರು. ಆದರೆ ಎಡ ಶ್ವಾಸಕೋಶದ ಕೆಳಗಿನ ಭಾಗ ಹಾಳಾಗಿಯೇ ಉಳಿಯಿತು. ಈಗ ಅದಕ್ಕೆ ಬ್ರಾಂಕಿಯೆಕ್ಟಾಸಿಸ್ ಅನ್ನುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಅರ್ಧ ಗಂಟೆ ಕೆಮ್ಮು. ಕಫದ ಬಣ್ಣ ಹಸಿರು. ಕಲ್ಚರ್ ಮಾಡಿಸಿದಾಗಲೆಲ್ಲ ಒಂದೇ ಬ್ಯಾಕ್ಟೀರಿಯಾದ ಹೆಸರು ಬರುತ್ತದೆ, ಸ್ಯೂಡೋಮೊನಾಸ್. ಹೋದ ವರ್ಷ ಮೂರು ಸಲ ಅಡ್ಮಿಟ್ ಮಾಡಿದೆವು.

ಈ ಸಲ ರಕ್ತದಲ್ಲಿ ಇಮ್ಯುನೊಗ್ಲಾಬ್ಯುಲಿನ್ ನೋಡಿದರು. ಐಜಿಜಿ ಮೇಲಿನ ಮಿತಿ ದಾಟಿತ್ತು. ಐಜಿಜಿ ಅಂದರೆ ಆಂಟಿಬಾಡಿ ಅಂತ ಕೋವಿಡ್ ಟೈಮಲ್ಲಿ ಕಲಿತಿದ್ದೆನಲ್ಲ, ಅಪ್ಪನ ಮೈಯಲ್ಲಿ ಸೈನ್ಯ ದೊಡ್ಡದಿದೆ ಅಂತ ಖುಷಿಯಾಯಿತು. ಡಾಕ್ಟರ್ ಹತ್ತಿರ ಹಾಗೇ ಹೇಳಿದೆ. ಅವರು ರಿಪೋರ್ಟ್ ಮಡಚುತ್ತಾ, "ಜಾಸ್ತಿ ಇದ್ದ ಮಾತ್ರಕ್ಕೆ ಒಳ್ಳೇದು ಅಂತಲ್ಲ. ಕೆಲವರಲ್ಲಿ ಆಂಟಿಬಾಡಿಯೇ ಅಡ್ಡ ನಿಲ್ಲುತ್ತೆ" ಅಂದರು. ಅಷ್ಟರಲ್ಲಿ ಮುಂದಿನ ಟೋಕನ್ ಕೂಗಿದರು. ಎದ್ದು ಬಂದೆವು.

ಅಡ್ಡ ನಿಲ್ಲೋದು ಅಂದರೆ ಏನು? ಯಾರಿಗಾದರೂ ಗೊತ್ತಿದ್ದರೆ ಬಿಡಿಸಿ ಹೇಳಿ.

ಜೋಗಿ_ಜಂಗಮ · 9:31

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು ಬಿಡಿ.

ಸೀರಮ್_ಶಾಂತಿ · 10:48

ನಾನು ಸೂಕ್ಷ್ಮಜೀವಿ ಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಹೆಚ್ಚು ಕಡಿಮೆ ಇದೇ ವಿಷಯದ ಅಕ್ಕಪಕ್ಕ. ಜಂಗಮರೇ, ಗಾದೆ ಚೆನ್ನಾಗಿದೆ, ಆದರೆ ಇಲ್ಲಿಗೆ ಕೂರುವುದಿಲ್ಲ. ಈ ಬೇಲಿ ಹೊಲ ಮೇಯುತ್ತಿಲ್ಲ. ಬೇಲಿ ಗಟ್ಟಿಯಾಗಿಯೇ ಇದೆ, ಹಾಕಿದ ಜಾಗ ತಪ್ಪು. ಕಳ್ಳ ಒಳಗೆ, ಯಜಮಾನ ಹೊರಗೆ.

ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಆಂಟಿಬಾಡಿ ತಾನೇ ಹೋಗಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಕಡಿಮೆ. ಅದು ಹೋಗಿ ಅಂಟಿಕೊಳ್ಳುತ್ತದೆ, "ಇಲ್ಲಿದೆ ನೋಡಿ" ಅಂತ ತೋರಿಸುತ್ತದೆ. ಕೊಲ್ಲೋ ಕೆಲಸ ಬೇರೆಯವರದು. ರಕ್ತದಲ್ಲಿ ಕಾಂಪ್ಲಿಮೆಂಟ್ ಅನ್ನುವ ಪ್ರೋಟೀನುಗಳ ಒಂದು ಗುಂಪಿದೆ. ಆಂಟಿಬಾಡಿ ಅಂಟಿದ ಕಡೆ ಅವು ಒಂದರ ಹಿಂದೆ ಒಂದು ಸೇರುತ್ತವೆ. ಕೊನೆಗೆ ಬ್ಯಾಕ್ಟೀರಿಯಾದ ಪೊರೆಯಲ್ಲಿ ತೂತು ಕೊರೆಯುತ್ತವೆ. ತೂತು ಬಿದ್ದರೆ ಅದರ ಕಥೆ ಮುಗಿಯಿತು. ಇಲ್ಲಿ ಒಂದು ಮಾತು ನೆನಪಿಟ್ಟುಕೊಳ್ಳಿ. ತೂತು ಬೀಳಬೇಕಾದದ್ದು ಪೊರೆಯಲ್ಲೇ. ಪೊರೆಯಿಂದ ದೂರ ಎಲ್ಲೋ ಆ ಪ್ರೋಟೀನುಗಳು ಸೇರಿಕೊಂಡರೆ ಏನೂ ಆಗುವುದಿಲ್ಲ.

ಈಗ ಸ್ಯೂಡೋಮೊನಾಸ್. ಅದರ ಹೊರಪೊರೆಯ ಮೇಲೆ ಸಕ್ಕರೆಯ ಉದ್ದುದ್ದ ಎಳೆಗಳು ಕೂದಲಿನ ಹಾಗೆ ನಿಂತಿರುತ್ತವೆ. ಓ-ಆಂಟಿಜನ್ ಅನ್ನುತ್ತೇವೆ. ಕೆಲವು ರೋಗಿಗಳ ದೇಹ ಈ ಕೂದಲಿನ ವಿರುದ್ಧವೇ ರಾಶಿ ರಾಶಿ ಆಂಟಿಬಾಡಿ ತಯಾರಿಸುತ್ತದೆ. ಅವೆಲ್ಲ ಹೋಗಿ ಆ ಎಳೆಗಳಿಗೆ ಒತ್ತೊತ್ತಾಗಿ ಅಂಟುತ್ತವೆ.

ನೀವು ತೀರ್ಥಹಳ್ಳಿಯವರು, ನಿಮಗೆ ಕಂಬಳಿಕೊಪ್ಪೆ ಗೊತ್ತಿರುತ್ತದೆ. ಬಿಡಿ ಉಣ್ಣೆಯನ್ನು ತಲೆ ಮೇಲೆ ಹರಡಿಕೊಂಡು ಮಳೆಯಲ್ಲಿ ನಿಂತರೆ ಮೈ ನೆನೆಯುತ್ತದೆ. ಅದೇ ಉಣ್ಣೆಯನ್ನು ಹೆಣೆದು ಕಂಬಳಿ ಮಾಡಿ ಕೊಪ್ಪೆ ಹಾಕಿಕೊಂಡರೆ ಇಡೀ ದಿನ ನಾಟಿ ಮಾಡಬಹುದು. ಉಣ್ಣೆ ಬ್ಯಾಕ್ಟೀರಿಯಾದ್ದು, ಹೆಣೆದು ಕೊಟ್ಟಿದ್ದು ನಮ್ಮ ಆಂಟಿಬಾಡಿ. ಮಳೆ ನಿಂತಿಲ್ಲ ನೋಡಿ. ಕಾಂಪ್ಲಿಮೆಂಟ್ ಸುರಿಯುತ್ತಲೇ ಇದೆ. ಬೀಳುತ್ತಿರುವುದು ಮಾತ್ರ ಕಂಬಳಿ ಮೇಲೆ.

ಇದನ್ನು ಚೆನ್ನಾಗಿ ತೋರಿಸಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದ ಟಿಮ್ ವೆಲ್ಸ್, ಇಯಾನ್ ಹೆಂಡರ್ಸನ್ ತಂಡ, 2014ರಲ್ಲಿ. ಅವರು ನೋಡಿದ್ದು ನಿಮ್ಮ ತಂದೆಯವರ ಕಾಯಿಲೆಯನ್ನೇ, ಬ್ರಾಂಕಿಯೆಕ್ಟಾಸಿಸ್ ಜೊತೆಗೆ ಸ್ಯೂಡೋಮೊನಾಸ್. ಸೀರಮ್ ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ, ಆಂಟಿಬಾಡಿ, ಕಾಂಪ್ಲಿಮೆಂಟ್ ಎರಡೂ ಅದರಲ್ಲಿರುತ್ತವೆ. ರೋಗಿಯ ಕಫದಿಂದ ತೆಗೆದ ಬ್ಯಾಕ್ಟೀರಿಯಾವನ್ನು ಆರೋಗ್ಯವಂತರ ಸೀರಮ್‌ಗೆ ಹಾಕಿದರೆ ಸತ್ತಿತು. ಅದೇ ಬ್ಯಾಕ್ಟೀರಿಯಾವನ್ನು ಆ ರೋಗಿಯದೇ ಸೀರಮ್‌ಗೆ ಹಾಕಿದರೆ ಆರಾಮಾಗಿ ಬದುಕಿತು. ಇನ್ನೂ ಮಜಾ ಅಂದರೆ, ಆರೋಗ್ಯವಂತರ ಸೀರಮ್‌ಗೆ ರೋಗಿಯ ಸೀರಮ್ ಬೆರೆಸಿದರೆ ಅದೂ ಕೊಲ್ಲುವುದನ್ನು ನಿಲ್ಲಿಸಿತು. ಅಂದರೆ ರೋಗಿಯಲ್ಲಿ ಏನೋ ಕಮ್ಮಿ ಇದೆ ಅಂತಲ್ಲ. ಏನೋ ಜಾಸ್ತಿ ಇದೆ. ಹುಡುಕಿದಾಗ ಸಿಕ್ಕಿದ್ದು ಐಜಿಜಿಯಲ್ಲೇ ಒಂದು ಬಗೆ, ಐಜಿಜಿ2. ಅದನ್ನು ತೆಗೆದ ಮೇಲೆ ಸೀರಮ್ ಮತ್ತೆ ಕೊಲ್ಲಲು ಶುರು ಮಾಡಿತು. ಇಂಥ ಆಂಟಿಬಾಡಿ ಇದ್ದವರ ಶ್ವಾಸಕೋಶದ ಸ್ಥಿತಿ ಉಳಿದ ರೋಗಿಗಳಿಗಿಂತ ಕೆಟ್ಟದಾಗಿತ್ತು.

ಎಲ್ಲ ರೋಗಿಗಳಲ್ಲೂ ಹೀಗಿಲ್ಲ, ಕೆಲವರಲ್ಲಿ ಮಾತ್ರ. ನಿಮ್ಮ ತಂದೆಯವರಲ್ಲಿ ಇದೇ ಆಗಿದೆ ಅಂತ ನಾನು ಹೇಳುತ್ತಿಲ್ಲ.

ತೀರ್ಥಹಳ್ಳಿ_ತಮ್ಮ · 11:20

ಶಾಂತಿ ಮೇಡಂ, ತುಂಬಾ ಥ್ಯಾಂಕ್ಸ್. ಕಂಬಳಿಕೊಪ್ಪೆ ಅಂದ ಕೂಡಲೇ ಅರ್ಥ ಆಯಿತು. ಅಜ್ಜನ ಕಂಬಳಿ ಇನ್ನೂ ಅಟ್ಟದ ಮೇಲಿದೆ.

ಎರಡು ಪ್ರಶ್ನೆ. ದೇಹ ಯಾಕೆ ಇಂಥ ದಡ್ಡ ಕೆಲಸ ಮಾಡುತ್ತದೆ? ಮತ್ತೆ ಇದನ್ನು ಹೇಗೆ ಪತ್ತೆ ಮಾಡುತ್ತಾರೆ? ನಮ್ಮ ರಿಪೋರ್ಟಿನಲ್ಲಿ ಐಜಿಜಿ ಅಂತ ಒಂದೇ ಸಂಖ್ಯೆ ಇದೆ.

ಸೀರಮ್_ಶಾಂತಿ · ಸೋಮವಾರ ಬೆಳಿಗ್ಗೆ 7:05

ದಡ್ಡತನ ಅಂತ ಹೇಳೋಕಾಗಲ್ಲ. ದೇಹಕ್ಕೆ ಮೊದಲು ಕೈಗೆ ಸಿಗುವುದು ಆ ಕೂದಲೇ. ವರ್ಷಗಟ್ಟಲೆ ಅದೇ ಬ್ಯಾಕ್ಟೀರಿಯಾ ಎದೆಯಲ್ಲಿ ಕೂತಿದ್ದರೆ ವರ್ಷಗಟ್ಟಲೆ ಅದೇ ಆಂಟಿಬಾಡಿ ಏರುತ್ತಾ ಹೋಗುತ್ತದೆ. ಸ್ವಲ್ಪ ಇದ್ದಾಗ ತೊಂದರೆಯಿಲ್ಲ, ಸಹಾಯವೂ ಆಗಬಹುದು. ಒತ್ತೊತ್ತಾಗಿ ತುಂಬಿಕೊಂಡಾಗ ಕಂಬಳಿ ಆಗುತ್ತದೆ.

ಪರೀಕ್ಷೆ ಹೇಗೆ ಅಂದರೆ, ನನ್ನ ಬೆಂಚಿನ ಮೇಲೆ ನಡೆಯುವುದನ್ನೇ ಹೇಳುತ್ತೇನೆ. ಚಿಕ್ಕ ಟ್ಯೂಬಿನಲ್ಲಿ ಸೀರಮ್, ಅದಕ್ಕೆ ಒಂದಿಷ್ಟು ಬ್ಯಾಕ್ಟೀರಿಯಾ. 37 ಡಿಗ್ರಿಯಲ್ಲಿ ಇಡುತ್ತೇವೆ. ಶುರುವಿನಲ್ಲಿ ಒಂದು ಹನಿ, ಮುಕ್ಕಾಲು ಗಂಟೆಗೆ ಒಂದು ಹನಿ, ಒಂದೂವರೆ ಗಂಟೆಗೆ, ಮೂರು ಗಂಟೆಗೆ. ಪ್ರತಿ ಹನಿಯನ್ನೂ ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ತಟ್ಟೆಯ ಮೇಲೆ ಹಚ್ಚಿ ರಾತ್ರಿಯಿಡೀ ಬಿಡುತ್ತೇವೆ. ಬೆಳಿಗ್ಗೆ ಬಂದು ಎಣಿಸುವುದು. ಕೊಲ್ಲುವ ಸೀರಮ್ ಆದರೆ ಮೂರು ಗಂಟೆಯ ತಟ್ಟೆ ಖಾಲಿ ಖಾಲಿ. ಕೊಲ್ಲದ ಸೀರಮ್ ಆದರೆ ಇಡೀ ತಟ್ಟೆ ನೀಲಿ ಹಸಿರು. ಮುಚ್ಚಳ ತೆಗೆದರೆ ಹಣ್ಣಾದ ದ್ರಾಕ್ಷಿಯ ಸಿಹಿ ವಾಸನೆ. ಸ್ಯೂಡೋಮೊನಾಸ್ ಗುರುತೇ ಅದು. ನನಗಂತೂ ಈಗ ದ್ರಾಕ್ಷಿ ತಿನ್ನೋದು ಕಷ್ಟ.

ಜೊತೆಗೆ ಇನ್ನೊಂದು ಟ್ಯೂಬ್ ಇಡಲೇಬೇಕು. ಅದರ ಸೀರಮ್ಮನ್ನು 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿರುತ್ತೇವೆ. ಕಾಂಪ್ಲಿಮೆಂಟ್ ಆ ಬಿಸಿಗೆ ಕೆಟ್ಟುಹೋಗುತ್ತದೆ, ಆಂಟಿಬಾಡಿ ಉಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಸಾಯದಿದ್ದರೆ, ಕಾಯಿಸದ ಟ್ಯೂಬಿನಲ್ಲಿ ಕೊಂದದ್ದು ಕಾಂಪ್ಲಿಮೆಂಟೇ ಅಂತ ಖಾತ್ರಿ.

ಇದು ಸಂಶೋಧನೆಯ ಲ್ಯಾಬಿನ ಕೆಲಸ. ರೋಗಿಯದೇ ಬ್ಯಾಕ್ಟೀರಿಯಾ ಬೇಕು, ರೋಗಿಯದೇ ಸೀರಮ್ ಬೇಕು. ಊರಿನ ಡಯಾಗ್ನೋಸ್ಟಿಕ್ ಸೆಂಟರಿನ ದರಪಟ್ಟಿಯಲ್ಲಿ ಹುಡುಕಬೇಡಿ.

ಖಾಲಿ_ಕೊಡ · 8:40

ಒಂದು ದೇಶದ ಒಂದು ತಂಡ ಒಂದು ಪೇಪರ್ ಬರೆದರೆ ಆಯ್ತಾ? ಇಂಥ ಹೊಸ ಹೊಸ ಥಿಯರಿ ವಾರಕ್ಕೊಂದು ಬರುತ್ತೆ. ಆಂಟಿಬಾಡಿ ಅಂದ್ರೆ ರಕ್ಷಣೆ ಅಂತ ನಾವು ಹೈಸ್ಕೂಲಿಂದ ಓದಿದ್ದು ಸುಳ್ಳಾ?

ನಿವೃತ್ತ_ಮೇಷ್ಟ್ರು · 10:15

ಹೊಸ ಥಿಯರಿ ಅಲ್ಲ ಸ್ವಾಮಿ. ನೂರಿಪ್ಪತ್ತು ವರ್ಷಕ್ಕಿಂತ ಹಳೆಯದು. ಮೂವತ್ತು ವರ್ಷ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿದವನು ನಾನು, ಪ್ರತಿ ವರ್ಷವೂ ಮಕ್ಕಳು ಇದನ್ನು ಕೇಳಿ ಹೀಗೇ ಮುಖ ಮಾಡುತ್ತಿದ್ದರು.

1901ರಲ್ಲಿ ಜರ್ಮನಿಯಲ್ಲಿ ಮ್ಯಾಕ್ಸ್ ನೈಸರ್, ಫ್ರೀಡ್ರಿಕ್ ವೆಕ್ಸ್‌ಬರ್ಗ್ ಅನ್ನುವ ಇಬ್ಬರು ಟ್ಯೂಬುಗಳಲ್ಲಿ ಇದನ್ನು ನೋಡಿದರು. ಬ್ಯಾಕ್ಟೀರಿಯಾದ ವಿರುದ್ಧ ಆಂಟಿಬಾಡಿ ಇರುವ ಸೀರಮ್ ಸ್ವಲ್ಪ ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಜಾಸ್ತಿ ಹಾಕಿದರೆ ಸಾಯುವುದಿಲ್ಲ! ಹೆಚ್ಚಾದ ಆಂಟಿಬಾಡಿ ಕಾಂಪ್ಲಿಮೆಂಟನ್ನು ದಾರಿ ತಪ್ಪಿಸುತ್ತದೆ ಅಂತ ಅವರು ವಿವರಣೆ ಕೊಟ್ಟರು. ವಿವರಣೆ ಆಮೇಲೆ ಬದಲಾಯಿತು. ಅವರು ಕಂಡದ್ದು ಬದಲಾಗಲಿಲ್ಲ. ಇವತ್ತಿಗೂ ಅದಕ್ಕೆ ಅವರಿಬ್ಬರ ಹೆಸರೇ ಇದೆ.

ನಂತರ 1970ರ ದಶಕದಲ್ಲಿ ಅಮೆರಿಕದ ಸೇನೆಗೆ ಹೊಸದಾಗಿ ಸೇರಿದ ಹುಡುಗರಲ್ಲಿ ಮೆದುಳುಪೊರೆ ಜ್ವರ ತರುವ ಮೆನಿಂಗೊಕಾಕಸ್ ಬಗ್ಗೆ ನೋಡಿದಾಗಲೂ ಇಂಥದ್ದೇ ಸಿಕ್ಕಿತು. ಅಲ್ಲಿ ಅಡ್ಡ ನಿಂತದ್ದು ಐಜಿಎ ಅನ್ನುವ ಇನ್ನೊಂದು ಬಗೆಯ ಆಂಟಿಬಾಡಿ. ಅದನ್ನು ತೆಗೆದರೆ ಸೀರಮ್ಮಿಗೆ ಕೊಲ್ಲುವ ಶಕ್ತಿ ಮರಳುತ್ತಿತ್ತು.

1993ರ ನೈರೋಬಿ ಕೆಲಸವೂ ಇದೆ. ಗೊನೊರಿಯಾ ಬ್ಯಾಕ್ಟೀರಿಯಾದ ಪೊರೆಯಲ್ಲಿ ಆರ್‌ಎಂಪಿ ಅನ್ನುವ ಒಂದು ಪ್ರೋಟೀನಿದೆ. ಅದರ ವಿರುದ್ಧ ಆಂಟಿಬಾಡಿ ಇದ್ದ ಹೆಂಗಸರಿಗೆ ಸೋಂಕು ತಗಲುವುದು ಕಮ್ಮಿಯಾಗಬೇಕಿತ್ತಲ್ಲ? ಜಾಸ್ತಿಯಾಗಿತ್ತು. ಇಲ್ಲಿ ಕಂಬಳಿ ಲೆಕ್ಕ ಬರುವುದಿಲ್ಲ, ಸಕ್ಕರೆಯ ಕೂದಲಿಲ್ಲ. ಇದು ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ. ಟವೆಲ್ ಹಾಕಿದವನು ತಾನೂ ಕೂರುವುದಿಲ್ಲ, ಕೂರಬೇಕಾದವನಿಗೂ ಬಿಡುವುದಿಲ್ಲ.

ಹೈಸ್ಕೂಲಿನಲ್ಲಿ ಓದಿದ್ದು ಸುಳ್ಳಲ್ಲ. ಅರ್ಧ ಓದಿದ್ದೀರಿ, ಅಷ್ಟೆ.

ಖಾಲಿ_ಕೊಡ · 10:32

ಸರಿ ಮೇಷ್ಟ್ರೇ, ಒಪ್ಪಿದೆ. ಟವೆಲ್ ಚೆನ್ನಾಗಿತ್ತು.

ಟ್ಯೂಬ್_ಟೆಕ್ನಿಷಿಯನ್ · ಮಧ್ಯಾಹ್ನ 1:50

ಊಟದ ಬಿಡುವಿನಲ್ಲಿ ಬರೀತಾ ಇದ್ದೀನಿ. ನಾನು ಚಿತ್ರದುರ್ಗದ ಕಡೆಯವನು, ಲ್ಯಾಬ್ ಟೆಕ್ನಿಷಿಯನ್. ಮೇಷ್ಟ್ರು ಹೇಳಿದ "ಜಾಸ್ತಿ ಹಾಕಿದರೆ ಕೆಲಸ ಮಾಡಲ್ಲ" ಅನ್ನೋದನ್ನ ನಾನು ಕಣ್ಣಾರೆ ನೋಡಿದ್ದೀನಿ.

ಕುರಿ ಕಾಯೋರೊಬ್ಬರು ಎರಡು ತಿಂಗಳಿಂದ ಬಿಟ್ಟು ಬಿಟ್ಟು ಜ್ವರ, ಸೊಂಟ ನೋವು ಅಂತ ಬಂದರು. ಅವರ ಮಂದೆಯಲ್ಲಿ ನಾಲ್ಕೈದು ಕುರಿ ಕಂದು ಹಾಕಿದ್ದವಂತೆ. ಡಾಕ್ಟರಿಗೆ ಬ್ರುಸೆಲ್ಲೋಸಿಸ್ ಅನುಮಾನ, ಅದು ಕುರಿ ದನಗಳಿಂದ ಮನುಷ್ಯರಿಗೆ ಬರೋ ಬ್ಯಾಕ್ಟೀರಿಯಾ ಜ್ವರ. ಆದರೆ ಬೇರೆ ಕಡೆ ಮಾಡಿಸಿದ ಟೆಸ್ಟಿನಲ್ಲಿ ನೆಗೆಟಿವ್ ಅಂತ ಬರೆದಿತ್ತು. ಆ ಲ್ಯಾಬಿನ ಹೆಸರು ಬೇಡ. ಮೊದಲ ಟ್ಯೂಬುಗಳನ್ನು ಮಾತ್ರ ನೋಡಿ ಬಿಟ್ಟಿದ್ದರು ಅನ್ಸುತ್ತೆ.

ನಮ್ಮ ಮೇಡಂ ಪೂರ್ತಿ ಸಾಲು ಇಡು ಅಂದರು. ಒಂದು ಪಾಲು ಸೀರಮ್‌ಗೆ ಇಪ್ಪತ್ತು, ನಲವತ್ತು, ಎಂಬತ್ತು, ಹಾಗೇ ದುಪ್ಪಟ್ಟು ಮಾಡುತ್ತಾ 1280ರವರೆಗೆ ತೆಳು ಮಾಡೋದು. ಪ್ರತಿ ಟ್ಯೂಬಿಗೂ ಬ್ರುಸೆಲ್ಲಾ ಬ್ಯಾಕ್ಟೀರಿಯಾ ಹಾಕ್ತೀವಿ, ಆಂಟಿಬಾಡಿ ಇದ್ರೆ ಅವು ಗಂಟು ಕಟ್ಟಿ ತಳಕ್ಕೆ ಕೂರುತ್ತವೆ. ಮಾರನೇ ದಿನ ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಮೊದಲ ಮೂರು ಟ್ಯೂಬ್ ಬರೀ ಕದಡಿದ ನೀರಿನ ಥರ, ಏನೂ ಇಲ್ಲ. ನಾಲ್ಕನೆಯದರಲ್ಲಿ ತಳದಲ್ಲಿ ಸಣ್ಣ ಚಾಪೆ. ಐದು, ಆರರಲ್ಲಿ ದಪ್ಪಗೆ ಹೆಪ್ಪು ಕಟ್ಟಿ ಮೇಲೆ ನೀರು ತಿಳಿಯಾಗಿತ್ತು. ಸೀರಮ್ ಗಟ್ಟಿ ಇದ್ದ ಕಡೆ ನೆಗೆಟಿವ್, ತೆಳು ಮಾಡಿದ ಕಡೆ ಪಾಸಿಟಿವ್! ನಮ್ಮ ಭಾಷೆಯಲ್ಲಿ ಪ್ರೋಜೋನ್ ಅಂತೀವಿ. ಅವತ್ತಿಂದ ನಾನು ಸಾಲು ಅರ್ಧಕ್ಕೆ ನಿಲ್ಲಿಸಿಲ್ಲ.

ಸೀರಮ್_ಶಾಂತಿ · 2:25

ಅಣ್ಣ, ಎಂಥಾ ಚೆಂದ ಹೇಳಿದಿರಿ. ಒಂದು ಸಣ್ಣ ತಿದ್ದುಪಡಿ, ಓದುವವರಿಗೆ ಗೊಂದಲ ಆಗದಿರಲಿ ಅಂತ. ಪ್ರೋಜೋನ್‌ನಲ್ಲಿ ಆಂಟಿಬಾಡಿ ವಿಪರೀತ ಇರುವುದರಿಂದ ಪ್ರತಿ ಬ್ಯಾಕ್ಟೀರಿಯಾದ ಮೈಯೂ ಆಗಲೇ ಭರ್ತಿ. ಒಂದೇ ಆಂಟಿಬಾಡಿ ಎರಡು ಬ್ಯಾಕ್ಟೀರಿಯಾವನ್ನು ಎರಡು ಕೈಯಲ್ಲಿ ಹಿಡಿಯಬೇಕು, ಆಗ ಗಂಟು ಕಟ್ಟುತ್ತದೆ. ಎಲ್ಲ ಬ್ಯಾಕ್ಟೀರಿಯಾದ ಮೈಯೂ ಭರ್ತಿಯಾಗಿದ್ದರೆ ಎರಡನೇ ಕೈಗೆ ಹಿಡಿಯಲು ಜಾಗವಿಲ್ಲ, ಗಂಟು ಇಲ್ಲ. ಬ್ರುಸೆಲ್ಲಾದಲ್ಲಿ ಅಂಟಿಕೊಂಡರೂ ಗಂಟು ಕಟ್ಟದ ಆಂಟಿಬಾಡಿಗಳೂ ಇರುತ್ತವೆ. ಅವನ್ನು ಹಿಡಿಯಲು ಕೂಂಬ್ಸ್ ಪರೀಕ್ಷೆ ಬೇಕು.

ಇದು ಟ್ಯೂಬಿನಲ್ಲಿ ಆಗುವ ಮೋಸ. ರೋಗಿಯ ಮೈಯಲ್ಲಿ ರಕ್ಷಣೆ ಕೈಕೊಟ್ಟಿದೆ ಅಂತ ಇದರಿಂದ ಹೇಳುವಂತಿಲ್ಲ. ಕಂಬಳಿ ಆಂಟಿಬಾಡಿ ವಿಷಯದಲ್ಲಿ ನಿಜವಾಗಿಯೂ ಕೊಲ್ಲುವ ಕೆಲಸವೇ ನಿಲ್ಲುತ್ತದೆ. ಎರಡಕ್ಕೂ ನಂಟಿದೆ, ಎರಡೂ ಒಂದೇ ಅಲ್ಲ.

ಟ್ಯೂಬ್_ಟೆಕ್ನಿಷಿಯನ್ · 2:31

ಸರಿ ಮೇಡಂ. ಕುರಿಯವರು ಈಗ ಆರಾಮಾಗಿದ್ದಾರೆ, ಅದನ್ನ ಹೇಳೋದು ಮರೆತಿದ್ದೆ.

ಸತ್ಯ_ಶೋಧಕ · ಸಂಜೆ 6:10

ನೋಡಿದ್ರಾ? ಇದನ್ನೇ ನಾನು ಹೇಳ್ತಾ ಬಂದಿದ್ದು. ಲಸಿಕೆ ಹಾಕಿಸಿದರೆ ಆಂಟಿಬಾಡಿ ಜಾಸ್ತಿ, ಆಂಟಿಬಾಡಿ ಜಾಸ್ತಿ ಆದ್ರೆ ರೋಗ ಜಾಸ್ತಿ. ಲೆಕ್ಕ ಸಿಂಪಲ್. ಮಕ್ಕಳಿಗೆ ಹಾಕಿಸೋ ಮುಂಚೆ ಯೋಚನೆ ಮಾಡಿ.

ಕರಾವಳಿ_ಡಾಕ್ಟ್ರು · 7:45

ಮಾರಾಯ್ರೆ, ಲೆಕ್ಕ ಅಷ್ಟು ಸಿಂಪಲ್ ಇದ್ದಿದ್ದರೆ ನಾವೆಲ್ಲ ಬೇಗ ಮನೆಗೆ ಹೋಗುತ್ತಿದ್ದೆವು.

ಮೊದಲು ನಿಮ್ಮ ಪರವಾಗಿರೋ ಉದಾಹರಣೆಯನ್ನು ನಾನೇ ಕೊಡುತ್ತೇನೆ, ಮುಚ್ಚಿಡೋದು ಏನಿಲ್ಲ. ಸ್ಟ್ಯಾಫಿಲೊಕಾಕಸ್ ಆರಿಯಸ್ ವಿರುದ್ಧ ಮರ್ಕ್ ಕಂಪನಿ ವಿ710 ಅನ್ನುವ ಲಸಿಕೆ ಮಾಡಿತ್ತು. ಎದೆ ಸೀಳಿ ಮಾಡುವ ಆಪರೇಷನ್ನಿಗೆ ಮುಂಚೆ ಕೊಟ್ಟು ನೋಡಿದರು, ಸುಮಾರು 8000 ಜನ, 26 ದೇಶ. ಲಸಿಕೆಯಿಂದ ಆಂಟಿಬಾಡಿ ಚೆನ್ನಾಗಿಯೇ ಬಂತು. ಸೋಂಕು ಕಮ್ಮಿಯಾಗಲಿಲ್ಲ. 2011ರಲ್ಲಿ ಪ್ರಯೋಗ ನಿಲ್ಲಿಸಿದರು. 2013ರಲ್ಲಿ ಪ್ರಕಟವಾದ ಲೆಕ್ಕ ಇನ್ನೂ ಬೇಸರದ್ದು. ಸ್ಟ್ಯಾಫ್ ಸೋಂಕು ತಗಲಿದವರನ್ನು ಮಾತ್ರ ತೆಗೆದುಕೊಂಡರೆ, ಲಸಿಕೆ ಪಡೆದವರ ಸಾವಿನ ದರ ಪಡೆಯದವರ ಐದು ಪಟ್ಟಿಗಿಂತ ಹೆಚ್ಚಿತ್ತು.

ಯಾಕೆ? 2022ರಲ್ಲಿ ಕ್ಯಾಲಿಫೋರ್ನಿಯಾದ ತಂಡವೊಂದು ಇಲಿಗಳಲ್ಲಿ ಒಂದು ಉತ್ತರ ತೋರಿಸಿತು. ಸ್ಟ್ಯಾಫ್ ನಮ್ಮೆಲ್ಲರ ಚರ್ಮ, ಮೂಗಿನ ಹತ್ತಿರ ಮೊದಲೇ ಓಡಾಡಿಕೊಂಡಿರೋ ಬ್ಯಾಕ್ಟೀರಿಯಾ. ಹಳೇ ಪರಿಚಯದಲ್ಲಿ ದೇಹ ಉಪಯೋಗಕ್ಕೆ ಬಾರದ ಆಂಟಿಬಾಡಿ ಕಲಿತುಬಿಟ್ಟಿರುತ್ತದೆ. ಆಮೇಲೆ ಲಸಿಕೆ ಕೊಟ್ಟರೆ ದೇಹ ಹೊಸ ಪಾಠ ಕಲಿಯುವುದಿಲ್ಲ, ಹಳೇ ತಪ್ಪು ಪಾಠವನ್ನೇ ಜೋರಾಗಿ ಒಪ್ಪಿಸುತ್ತದೆ. ಆ ಆಂಟಿಬಾಡಿಗಳು ಒಳ್ಳೆಯ ಆಂಟಿಬಾಡಿಗಳ ಜಾಗವನ್ನೂ ಹಿಡಿದಿಡುತ್ತವೆ. ಮೇಷ್ಟ್ರ ಟವೆಲ್.

ಈಗ ಇನ್ನೊಂದು ಕಡೆ ನೋಡಿ. ಆಫ್ರಿಕಾದ ಮಲಾವಿ, ಬ್ಲಾಂಟೈರ್ ಅನ್ನುವ ಊರು. ಅಲ್ಲಿ ಟೈಫಾಯ್ಡ್ ಅಲ್ಲದ ಸಾಲ್ಮೊನೆಲ್ಲಾ ರಕ್ತಕ್ಕೆ ಇಳಿದು ತುಂಬಾ ಜನ ಸಾಯುತ್ತಿದ್ದರು. ಕ್ಯಾಲ್ಮನ್ ಮ್ಯಾಕ್‌ಲೆನನ್ ಮತ್ತು ಜೊತೆಯವರು 2008ರಲ್ಲಿ ತೋರಿಸಿದ್ದು ಇದು: ಎರಡು ವರ್ಷದೊಳಗಿನ ಮಕ್ಕಳಲ್ಲಿ ಈ ಬ್ಯಾಕ್ಟೀರಿಯಾದ ವಿರುದ್ಧ ಆಂಟಿಬಾಡಿ ಇರುವುದಿಲ್ಲ, ಅದಕ್ಕೇ ಅವರು ಬಲಿಯಾಗುತ್ತಾರೆ. ಆಂಟಿಬಾಡಿ ಬಂದ ಮೇಲೆ ರೋಗ ಕಮ್ಮಿ. ಅದೇ ಊರಲ್ಲಿ, ಅದೇ ತಂಡ, 2010ರಲ್ಲಿ ಎಚ್‌ಐವಿ ಇರುವ ದೊಡ್ಡವರನ್ನು ನೋಡಿತು. ಅವರಲ್ಲಿ ಆಂಟಿಬಾಡಿ ಧಾರಾಳ. ಆದರೆ ಅದು ಓ-ಆಂಟಿಜನ್ ಕೂದಲಿಗೆ ಅಂಟಿಕೊಂಡು ಕೊಲ್ಲುವುದನ್ನೇ ತಡೆಯುತ್ತಿತ್ತು. ಕೂದಲಿಲ್ಲದ ಸಾಲ್ಮೊನೆಲ್ಲಾ ಕೊಟ್ಟರೆ ಅದೇ ಸೀರಮ್ ಕೊಂದಿತು. ಒಂದೇ ಊರು, ಒಂದೇ ಬ್ಯಾಕ್ಟೀರಿಯಾ. ಮಗುವಿಗೆ ಆಂಟಿಬಾಡಿ ಇಲ್ಲದೆ ಕಷ್ಟ, ದೊಡ್ಡವರಿಗೆ ಆಂಟಿಬಾಡಿಯಿಂದ ಕಷ್ಟ.

"ಹಾಗಾದರೆ ಸಕ್ಕರೆಗೆ ಅಂಟುವ ಆಂಟಿಬಾಡಿಯೆಲ್ಲ ಕೆಟ್ಟದ್ದಾ" ಅಂತ ಕೇಳಬೇಡಿ, ಅದಕ್ಕೂ ಬ್ಲಾಂಟೈರ್‌ನಲ್ಲೇ ಉತ್ತರ ಇದೆ. ನಮ್ಮ ಪಕ್ಕದ ಹೈದರಾಬಾದಿನಲ್ಲಿ ತಯಾರಾಗುವ ಟೈಫಾಯ್ಡ್ ಕಾಂಜುಗೇಟ್ ಲಸಿಕೆಯನ್ನು ಅಲ್ಲಿ ಸುಮಾರು 28,000 ಮಕ್ಕಳ ಪ್ರಯೋಗದಲ್ಲಿ ನೋಡಿದರು. ಆ ಲಸಿಕೆ ಗುರಿ ಇಡುವುದೂ ಸಕ್ಕರೆಯನ್ನೇ, ವಿಐ ಅನ್ನುವ ಹೊದಿಕೆ. 2021ರಲ್ಲಿ ಫಲಿತಾಂಶ ಬಂತು. ಶೇಕಡಾ 80ರಷ್ಟು ರಕ್ಷಣೆ. ನನ್ನ ಮೊಮ್ಮಗಳಿಗೆ ನಾನೇ ನಿಂತು ಹಾಕಿಸಿದ್ದೇನೆ.

ಸತ್ಯ_ಶೋಧಕ · 8:02

ವಿ710 ಬಗ್ಗೆ ಮೊದಲೇ ಯಾಕೆ ಎಲ್ಲೂ ಹೇಳಲ್ಲ ಮತ್ತೆ?

ಕರಾವಳಿ_ಡಾಕ್ಟ್ರು · 8:09

ಹೇಳಿದ್ದಾರಲ್ಲ, 2013ರಲ್ಲೇ ಅಚ್ಚಾಗಿದೆ. ಲಸಿಕೆ ಮಾರುಕಟ್ಟೆಗೆ ಬರಲೇ ಇಲ್ಲ. ಪ್ರಯೋಗ ಮಾಡೋದು ಇಂಥದ್ದನ್ನು ಹಿಡಿಯೋಕೇ ಅಲ್ವಾ?

ತೀರ್ಥಹಳ್ಳಿ_ತಮ್ಮ · 9:30

ಡಾಕ್ಟ್ರೇ, ನನ್ನ ಪ್ರಶ್ನೆ ಮತ್ತೆ ಅಪ್ಪನ ಕಡೆಗೆ. ಆ ಕಂಬಳಿ ಆಂಟಿಬಾಡಿಯನ್ನು ತೆಗೆಯೋಕೆ ಆಗಲ್ವಾ? ರಕ್ತ ಸೋಸುವ ಮಷೀನ್ ಇದೆಯಲ್ಲ.

ಪ್ಲಾಸ್ಮಾ_ಪ್ರಭಾ · 10:20

ಇದಕ್ಕೆ ನಾನು ಉತ್ತರ ಕೊಡ್ತೀನಿ, ದಿನಾ ಆ ಮಷೀನ್ ಮುಂದೆ ಕೂರೋಳು ನಾನೇ. ಪ್ಲಾಸ್ಮಾ ಎಕ್ಸ್‌ಚೇಂಜ್ ಅಂತಾರೆ. ಪ್ಲಾಸ್ಮಾ ಅಂದ್ರೆ ರಕ್ತದ ದ್ರವ ಭಾಗ, ಆಂಟಿಬಾಡಿ ಇರೋದು ಅದರಲ್ಲೇ. ನಮ್ಮಲ್ಲಿ ಹೆಚ್ಚಾಗಿ ಗಿಲನ್ ಬಾರೆ, ಮಯಸ್ತೇನಿಯಾ ಅನ್ನೋ ನರ, ಸ್ನಾಯುಗಳ ಕಾಯಿಲೆ ಇರೋರಿಗೆ ಮಾಡ್ತೀವಿ.

ಕುತ್ತಿಗೆ ಅಥವಾ ತೊಡೆಯ ದೊಡ್ಡ ರಕ್ತನಾಳಕ್ಕೆ ದಪ್ಪ ಕೊಳವೆ ಹಾಕ್ತಾರೆ. ರಕ್ತ ಮಷೀನಿಗೆ ಬರುತ್ತೆ, ಕೆಂಪು ಕಣ ಒಂದು ಕಡೆ, ಪ್ಲಾಸ್ಮಾ ಒಂದು ಕಡೆ. ಕಣಗಳು ವಾಪಸ್ ಮೈಗೆ. ಪ್ಲಾಸ್ಮಾ ಚೀಲಕ್ಕೆ. ಚೀಲ ತುಂಬ್ತಾ ಬಂದ ಹಾಗೆ ತಿಳಿ ಹಳದಿ, ನಿಂಬೆ ಶರಬತ್ತಿನ ಬಣ್ಣ. ಅದರ ಬದಲಿಗೆ ಆಲ್ಬುಮಿನ್ ಅನ್ನೋ ಪ್ರೋಟೀನ್ ಇರೋ ದ್ರವ ಕೊಡ್ತೀವಿ. ಎರಡು ಮೂರು ಗಂಟೆ ಹಿಡಿಯುತ್ತೆ. ಮಧ್ಯದಲ್ಲಿ ರೋಗಿ "ತುಟಿ ಜುಮ್ ಅಂತಿದೆ" ಅಂದ್ರೆ ಕ್ಯಾಲ್ಸಿಯಂ ಇಳಿದಿದೆ ಅಂತ, ಕೂಡಲೇ ನೋಡಬೇಕು.

ತೊಂದರೆ ಏನಂದ್ರೆ ಮಷೀನಿಗೆ ಒಳ್ಳೆ ಆಂಟಿಬಾಡಿ, ಕೆಟ್ಟ ಆಂಟಿಬಾಡಿ ಅಂತ ಗೊತ್ತಾಗಲ್ಲ. ಎಲ್ಲ ಹೋಗುತ್ತೆ. ಮೊದಲೇ ಸೋಂಕು ಇರೋರಿಗೆ ಅದು ಸಣ್ಣ ವಿಷಯ ಅಲ್ಲ. ಆ ಕೊಳವೆಯಿಂದಲೇ ಹೊಸ ಸೋಂಕು ಬರಬಹುದು. ಖರ್ಚಂತೂ ಕೇಳಲೇ ಬೇಡಿ.

ಸೀರಮ್_ಶಾಂತಿ · 10:41

ಪ್ರಭಾ ಅಕ್ಕ ಹೇಳಿದ್ದಕ್ಕೆ ಸೇರಿಸುತ್ತೇನೆ. ಬರ್ಮಿಂಗ್‌ಹ್ಯಾಂನಲ್ಲಿ ಇದನ್ನು ನಿಜವಾಗಿಯೂ ಮಾಡಿ ನೋಡಿದರು. 2017ರಲ್ಲಿ ವರದಿ ಬಂತು. ಇಬ್ಬರೇ ಇಬ್ಬರು ರೋಗಿಗಳು, ಯಾವ ಔಷಧಿಗೂ ಜಗ್ಗದೆ ಪದೇ ಪದೇ ಆಸ್ಪತ್ರೆ ಸೇರುತ್ತಿದ್ದವರು. ಪ್ಲಾಸ್ಮಾ ತೆಗೆದ ಮೇಲೆ ಬೇರೆಯವರ ದಾನದ ಆಂಟಿಬಾಡಿಯನ್ನೂ ಕೊಟ್ಟರು. ಇಬ್ಬರೂ ಸುಧಾರಿಸಿದರು. ಅವರ ಸೀರಮ್ ಮತ್ತೆ ಸ್ಯೂಡೋಮೊನಾಸನ್ನು ಕೊಲ್ಲಲು ಶುರು ಮಾಡಿತು. ಆದರೆ ಆಂಟಿಬಾಡಿ ಮಾಡುವ ಜೀವಕೋಶಗಳು ಮೈಯಲ್ಲೇ ಇವೆಯಲ್ಲ, ನಿಧಾನಕ್ಕೆ ಅದು ಮತ್ತೆ ಏರಿತು. ಮತ್ತೆ ಮಾಡಬೇಕಾಯಿತು. ಹಳೆ ಕಂಬಳಿ ಕಿತ್ತುಕೊಂಡರೂ ಮನೆಯಲ್ಲಿ ಮಗ್ಗ ಓಡುತ್ತಿದೆ.

ಕರಾವಳಿ_ಡಾಕ್ಟ್ರು · 11:15

ತಮ್ಮಾ, ಈಗ ನಾನು ಶ್ವಾಸಕೋಶದ ಡಾಕ್ಟರಾಗಿ ನಿನಗೆ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ನಿಮ್ಮ ರಿಪೋರ್ಟಿನ ಐಜಿಜಿ ಜಾಸ್ತಿ ಇರುವುದಕ್ಕೂ ಈ ಕಂಬಳಿ ಕಥೆಗೂ ನೇರ ಸಂಬಂಧ ಹಾಕಬೇಡ. ವರ್ಷಗಟ್ಟಲೆ ಸೋಂಕು ಇರುವ ಬಹಳಷ್ಟು ಜನರಲ್ಲಿ ಒಟ್ಟು ಐಜಿಜಿ ಏರಿರುತ್ತದೆ. ಆ ಟೆಸ್ಟ್ ಮಾಡಿಸುವುದೇ ಮುಖ್ಯವಾಗಿ ಐಜಿಜಿ ಕಮ್ಮಿ ಇದೆಯಾ ಅಂತ ನೋಡೋಕೆ. ಕಮ್ಮಿ ಇದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಇದೆ. ಅಪ್ಪನಿಗೆ ಕಮ್ಮಿ ಇಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯ ಸುದ್ದಿಯೇ.

ನಿಮ್ಮದು ಅಪರೂಪದ ಕೇಸೂ ಅಲ್ಲ. ಭಾರತದ ಬ್ರಾಂಕಿಯೆಕ್ಟಾಸಿಸ್ ರೋಗಿಗಳ ನೋಂದಣಿ ಲೆಕ್ಕ 2019ರಲ್ಲಿ ಬಂತು. 2195 ಜನರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿಗೆ ಇದು ಟಿಬಿಯ ನಂತರ ಬಂದದ್ದು. ಕಫದಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಕ್ಕ ಬ್ಯಾಕ್ಟೀರಿಯಾ ಸ್ಯೂಡೋಮೊನಾಸೇ.

ಅಪ್ಪ ದಿನಾ ಎರಡು ಹೊತ್ತು ಕಫ ತೆಗೆಯುವ ವ್ಯಾಯಾಮ ಮಾಡುತ್ತಾರಾ? ಇದನ್ನು ಮೊದಲು ಹೇಳು. ನನ್ನ ಹತ್ತಿರ ಬರುವ ಹತ್ತರಲ್ಲಿ ಎಂಟು ಜನ ಮಾಡುವುದಿಲ್ಲ. ಯಾರೂ ಸರಿಯಾಗಿ ಕಲಿಸಿರುವುದೂ ಇಲ್ಲ. ಒಂದು ಸಲ ಫಿಸಿಯೋಥೆರಪಿಸ್ಟ್ ಹತ್ತಿರ ಕೂತು ಕಲಿಯಲಿ. ಉಪ್ಪುನೀರಿನ ನೆಬ್ಯುಲೈಸೇಷನ್, ಉಸಿರಲ್ಲೇ ಎಳೆದುಕೊಳ್ಳುವ ಆಂಟಿಬಯೋಟಿಕ್, ಇವೆಲ್ಲ ನಿಮ್ಮ ಡಾಕ್ಟರ್ ಜೊತೆ ಮಾತಾಡಿ. ಅಜಿತ್ರೊಮೈಸಿನ್ ದೀರ್ಘಕಾಲ ಕೊಡುವುದೂ ಇದೆ. ಆದರೆ ಅದಕ್ಕೆ ಮುಂಚೆ ಕಫದಲ್ಲಿ ಟಿಬಿಯ ದಾಯಾದಿ ಬ್ಯಾಕ್ಟೀರಿಯಾಗಳು ಇಲ್ಲ ಅಂತ ನೋಡಿಕೊಳ್ಳಲೇಬೇಕು, ಇಸಿಜಿಯೂ ಬೇಕು. ಅಂಗಡಿಯಲ್ಲಿ ಸುಮ್ನೆ ಕೇಳಿ ತಗೋಬೇಡಿ. ಫ್ಲೂ, ನ್ಯುಮೋಕಾಕಸ್ ಲಸಿಕೆ ಹಾಕಿಸಿಲ್ಲದಿದ್ದರೆ ಅದನ್ನೂ ಕೇಳಿ.

ಪ್ಲಾಸ್ಮಾ ವಿಚಾರ ಸದ್ಯಕ್ಕೆ ತಲೆಯಿಂದ ತೆಗೆದುಬಿಡು. ಯಾರಾದರೂ ಪ್ಯಾಕೇಜ್ ಅಂತ ಹೇಳಿದರೆ ಎದ್ದು ಬಾ.

ತೀರ್ಥಹಳ್ಳಿ_ತಮ್ಮ · ಮಂಗಳವಾರ ಸಂಜೆ 6:50

ಎಲ್ಲರಿಗೂ ಥ್ಯಾಂಕ್ಸ್. ವ್ಯಾಯಾಮದ ಬಗ್ಗೆ ಕೇಳಿದರೆ ಅಪ್ಪ, "ಕೆಮ್ಮೋದೇ ವ್ಯಾಯಾಮ ಅಲ್ವನಾ" ಅಂದರು. ಡಾಕ್ಟ್ರ ಹತ್ತರಲ್ಲಿ ಎಂಟರೊಳಗೆ ನಾವೂ ಇದ್ದೇವೆ. ಶುಕ್ರವಾರ ಶಿವಮೊಗ್ಗದಲ್ಲಿ ಫಿಸಿಯೋ ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ. ಅವತ್ತೇ ಕಫದ ಟೆಸ್ಟಿಗೂ ಕೊಡಬೇಕು.

ಕಂಬಳಿ ಕಥೆಯನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಎದೆಯೊಳಗೆ ಕೂತು, ನನ್ನ ಕೈಲೇ ಕಂಬಳಿ ನೇಯಿಸ್ಕಂಡು ಹೊದ್ದುಕಂಡಿದೆ ಅನ್ನು. ಬಾಡಿಗೆ ಆದ್ರೂ ಕೊಡಬೇಕಿತ್ತು" ಅಂದರು.

ಒಂದು ಸಣ್ಣ ವಿಷಯ. ಬೆಳಿಗ್ಗೆ ಮನೆಯಲ್ಲೇ ಡಬ್ಬಿಗೆ ಕಫ ಹಿಡಿದು ಏಳರ ಬಸ್ಸಿಗೆ ತಗೊಂಡು ಹೋದರೆ ಆಗುತ್ತಾ?

ಟ್ಯೂಬ್_ಟೆಕ್ನಿಷಿಯನ್ · 7:15

ಬೇಡ ತಮ್ಮ. ಬಸ್ಸು, ಆಟೋ, ಕ್ಯೂ ಎಲ್ಲ ಸೇರಿದ್ರೆ ಎರಡು ಗಂಟೆ ದಾಟುತ್ತೆ. ಬೇರೆ ಬ್ಯಾಕ್ಟೀರಿಯಾ ಬೆಳೆದುಬಿಡುತ್ತೆ. ಅಪ್ಪ ಹೇಗೂ ಬರ್ತಾರಲ್ಲ, ಲ್ಯಾಬಿನಲ್ಲೇ ಕೊಡಲಿ. ಮೊದಲು ಬರೀ ನೀರಲ್ಲಿ ಬಾಯಿ ಮುಕ್ಕಳಿಸಲಿ. ಎಂಜಲು ಬೇಡ, ಆಳದಿಂದ ಕೆಮ್ಮಿ ಬಂದಿದ್ದು ಬೇಕು. ಫಿಸಿಯೋ ಮುಗಿಸಿಕೊಂಡು ಆಮೇಲೆ ಕೊಟ್ಟರೆ ಇನ್ನೂ ಚೆನ್ನಾಗಿ ಬರುತ್ತೆ.